ರಕ್ತಪಿಶಾಚಿ ಎನಿಸಿಕೊಂಡ ಹುಡುಗಿ

ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಶಾಲೆಯ ಲೈಬ್ರರಿಯಿಂದ ‘ಡ್ರಾಕುಲಾ’ ಕಾದಂಬರಿಯ ಮಕ್ಕಳ ಆವೃತ್ತಿಯನ್ನು ತಂದಿದ್ದಳು. ಎರಡು ರಾತ್ರಿ ಅವಳ ಕೋಣೆಯ ದೀಪ ಆರಲಿಲ್ಲ, ಕಿಟಕಿಯೂ ತೆರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದಾಗ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು.

“ತಾತ, ಲೂಸಿ ಒಳ್ಳೇ ಹುಡುಗಿ. ಅವಳೇನೂ ತಪ್ಪು ಮಾಡ್ಲಿಲ್ಲ. ಮತ್ತೆ ಅವಳು ಯಾಕೆ ಪಿಶಾಚಿ ಆಗ್ಬೇಕಿತ್ತು?”

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಐರ್ಲೆಂಡಿನ ಡಬ್ಲಿನ್ ಬಳಿ ಹುಟ್ಟಿದ ಬ್ರಾಮ್ ಸ್ಟೋಕರ್ ಬರೆದ ಈ ಕಾದಂಬರಿ 1897ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೂಸಿ ಎಂಬ ನಗುಮುಖದ ಹುಡುಗಿ ಬರುತ್ತಾಳೆ. ನಿದ್ದೆಯಲ್ಲಿ ನಡೆಯುವ ಅಭ್ಯಾಸ ಅವಳಿಗೆ. ಅದೇ ಸಮಯದಲ್ಲಿ ಡ್ರಾಕುಲಾ ಎಂಬ ರಕ್ತಪಿಶಾಚಿಯ ಕಣ್ಣು ಅವಳ ಮೇಲೆ ಬೀಳುತ್ತದೆ. ಕತ್ತಿನ ಮೇಲೆ ಎರಡು ಸಣ್ಣ ಗಾಯ ಕಾಣಿಸಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಮುಖ ಬಿಳಿಚಿಕೊಳ್ಳುತ್ತದೆ. ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಅವಳಿಗೆ ರಕ್ತ ಕೊಡುತ್ತಾರೆ. (ರಕ್ತದ ಗುಂಪುಗಳು ಪತ್ತೆಯಾಗುವ ಮೊದಲೇ ಬರೆದ ಕಥೆ ಇದು. ಹಾಗಾಗಿ ಯಾರ ರಕ್ತ ಯಾರಿಗೆ ಹೊಂದುತ್ತದೆ ಎಂದು ಅದರಲ್ಲಿ ಯಾರೂ ಪರೀಕ್ಷಿಸುವುದಿಲ್ಲ!) ಪಿಶಾಚಿ ಹತ್ತಿರ ಬಾರದಿರಲೆಂದು ಡಾಕ್ಟರು ಅವಳ ಕೊರಳಿಗೆ ಬೆಳ್ಳುಳ್ಳಿ ಹೂವಿನ ಹಾರ ಹಾಕಿ, ಕಿಟಕಿ ಭದ್ರವಾಗಿ ಮುಚ್ಚಿ ಹೋಗುತ್ತಾರೆ. ಆದರೆ ಲೂಸಿಯ ತಾಯಿಗೆ ವಿಷಯ ಏನೆಂದು ಯಾರೂ ಹೇಳಿರುವುದಿಲ್ಲ. ಆಕೆಯ ಹೃದಯ ದುರ್ಬಲ, ತಡೆದುಕೊಳ್ಳಲಾರಳು ಎಂದು ಮುಚ್ಚಿಟ್ಟಿರುತ್ತಾರೆ. ಪಾಪ, ಆ ತಾಯಿ ‘ಮಗಳಿಗೆ ಉಸಿರು ಕಟ್ಟುತ್ತದೆ’ ಎಂದುಕೊಂಡು ಹೂವನ್ನೆಲ್ಲ ತೆಗೆದು, ಕಿಟಕಿ ತೆರೆದುಬಿಡುತ್ತಾಳೆ. ಕೊನೆಗೂ ಲೂಸಿ ಉಳಿಯುವುದಿಲ್ಲ. ಸತ್ತ ಮೇಲೆ ಅದೇ ಮುಖ, ಅದೇ ದನಿ ಹೊತ್ತು ಪಿಶಾಚಿಯಾಗಿ ಬಂದು ಪುಟ್ಟ ಮಕ್ಕಳನ್ನೇ ಕರೆಯತೊಡಗುತ್ತಾಳೆ.

ಮೊಮ್ಮಗಳಿಗೆ ನಾನು, “ಅದು ಕಥೆ ಮಗು” ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ತಪ್ಪೇನೂ ಮಾಡದೆ ಪಿಶಾಚಿ ಎನಿಸಿಕೊಂಡ ಒಬ್ಬ ನಿಜವಾದ ಹುಡುಗಿಯ ವಿಷಯ ನನಗೆ ಗೊತ್ತಿತ್ತು. ಅದನ್ನೇ ಹೇಳಿದೆ.

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಎಕ್ಸೆಟರ್ ಎಂಬ ಹಳ್ಳಿಯಿದೆ. ಅಲ್ಲಿ ಜಾರ್ಜ್ ಬ್ರೌನ್ ಎಂಬ ರೈತನಿದ್ದ. 1883ರ ಡಿಸೆಂಬರಿನಲ್ಲಿ ಅವನ ಹೆಂಡತಿ ಮೇರಿ ತೀರಿಕೊಂಡಳು. ಮರುವರ್ಷವೇ ಇಪ್ಪತ್ತು ವರ್ಷದ ಮಗಳು ಮೇರಿ ಆಲಿವ್ ಹೋದಳು. ಕೆಲವು ವರ್ಷ ಕಳೆದ ಮೇಲೆ ಮಗ ಎಡ್ವಿನ್ ಕೆಮ್ಮತೊಡಗಿದ. ಬೆಟ್ಟದ ಗಾಳಿಯಿಂದ ಗುಣವಾದೀತೆಂದು ಅವನು ದೂರದ ಕೊಲರಾಡೋಗೆ ಹೋದ. ಅಷ್ಟರಲ್ಲಿ ತಂಗಿ ಮರ್ಸಿ ಹಾಸಿಗೆ ಹಿಡಿದಳು. 1892ರ ಜನವರಿಯಲ್ಲಿ ಅವಳೂ ಕಣ್ಣು ಮುಚ್ಚಿದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಊರಿಗೆ ಮರಳಿದ ಎಡ್ವಿನ್ ದಿನೇ ದಿನೇ ಕರಗುತ್ತಿದ್ದ.

ಎಲ್ಲರಿಗೂ ಬಂದದ್ದು ಕ್ಷಯ. ಇಂಗ್ಲಿಷಿನಲ್ಲಿ ಆಗ ಇದಕ್ಕಿದ್ದ ಹೆಸರಿನ ಅರ್ಥ ‘ತಿಂದುಹಾಕುವುದು’ ಎಂದು. ನಮ್ಮ ಹಿರಿಯರೂ ಚಂದ್ರ ದಿನದಿನಕ್ಕೆ ಸವೆಯುವುದನ್ನು ನೋಡಿ, ‘ದಕ್ಷನ ಶಾಪದಿಂದ ಅವನಿಗೆ ಕ್ಷಯ ಹಿಡಿಯಿತು’ ಎಂದು ಕಥೆ ಹೇಳಿದರು. ಮುಖ ಬಿಳಿಚುವುದು, ಮೈ ಸೊರಗುವುದು, ಕೆಮ್ಮಿದಾಗ ಬಾಯಲ್ಲಿ ರಕ್ತ ಕಾಣುವುದು, ಒಬ್ಬರಾದ ಮೇಲೊಬ್ಬರಂತೆ ಒಂದೇ ಮನೆಯವರು ಬೀಳುವುದು. ಇದನ್ನೆಲ್ಲ ನೋಡಿದವರಿಗೆ, ಕಣ್ಣಿಗೆ ಕಾಣದ ಯಾವುದೋ ಒಂದು ಇವರ ರಕ್ತ ಹೀರುತ್ತಿದೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು?

ಎಕ್ಸೆಟರ್ ಸುತ್ತಮುತ್ತ ಒಂದು ನಂಬಿಕೆಯಿತ್ತು. ಸತ್ತವರಲ್ಲಿ ಒಬ್ಬರ ಹೃದಯದಲ್ಲಿ ಇನ್ನೂ ಹಸಿ ರಕ್ತವಿದ್ದರೆ, ಬದುಕಿರುವವರ ಜೀವವನ್ನು ಹೀರುತ್ತಿರುವುದು ಅವರೇ. ಆ ಹೃದಯವನ್ನು ಸುಟ್ಟರೆ ರೋಗಿ ಉಳಿಯುತ್ತಾನೆ. ಊರವರು ಜಾರ್ಜನ ಬೆನ್ನು ಹತ್ತಿದರು. ಅವನಿಗೆ ಇದರಲ್ಲಿ ನಂಬಿಕೆ ಇರಲಿಲ್ಲವಂತೆ. ಆದರೂ ಒಪ್ಪಿದ. ಉಳಿದಿರುವ ಮಗನನ್ನು ಉಳಿಸಿಕೊಳ್ಳಲು ಒಂದು ದಾರಿ ಇದೆ ಎಂದು ಊರೇ ಹೇಳುವಾಗ, ಬೇಡ ಎನ್ನಲು ಯಾವ ತಂದೆಗೆ ನಾಲಿಗೆ ಬರುತ್ತದೆ?

1892ರ ಮಾರ್ಚ್ 17ರಂದು ಮೂರೂ ಹೆಣಗಳನ್ನು ಹೊರತೆಗೆದರು. ಜಾರ್ಜ್ ಅಲ್ಲಿಗೆ ಹೋಗಲಿಲ್ಲ. ತಾಯಿ ಮತ್ತು ಹಿರಿಯ ಮಗಳು ಎಷ್ಟೋ ವರ್ಷಗಳ ಹಿಂದೆ ಮಣ್ಣು ಸೇರಿದವರು. ಮರ್ಸಿ ಮಾತ್ರ ಇನ್ನೂ ಹಾಗೇ ಇದ್ದಳು, ಹೃದಯದಲ್ಲಿ ರಕ್ತವೂ ಇತ್ತು. ಇದರಲ್ಲಿ ಮಾಯಮಂತ್ರ ಏನಿಲ್ಲ. ಅವಳು ಸತ್ತು ಎರಡೇ ತಿಂಗಳಾಗಿತ್ತು. ಅಲ್ಲಿಯ ಚಳಿಗಾಲದಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಗುಂಡಿ ತೋಡಲಾಗುವುದಿಲ್ಲ. ಹಾಗಾಗಿ ಅವಳ ಪೆಟ್ಟಿಗೆಯನ್ನು ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದರು. ಅದು ಪ್ರಕೃತಿಯೇ ಮಾಡಿಕೊಟ್ಟ ಫ್ರಿಜ್ ಇದ್ದಂತೆ. ಪರೀಕ್ಷೆ ಮಾಡಿದ ಡಾಕ್ಟರ್ ಹೆರಾಲ್ಡ್ ಮೆಟ್‌ಕಾಫ್, ಇದು ಸಹಜವೇ, ಅವಳ ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆ ಎಂದರು. ಯಾರ ಕಿವಿಗೂ ಅದು ಬೀಳಲಿಲ್ಲ. ಪಕ್ಕದ ಬಂಡೆಯ ಮೇಲೆ ಮರ್ಸಿಯ ಹೃದಯವನ್ನು ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ ಅಣ್ಣನಿಗೆ ಔಷಧವೆಂದು ಕುಡಿಸಿದರು.

ಮೇ 2ರಂದು ಎಡ್ವಿನ್ ತೀರಿಕೊಂಡ.

ಇಲ್ಲಿ ಒಂದು ತಾರೀಖಿನ ಲೆಕ್ಕ ನೋಡಿ. ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಕ್, ಕ್ಷಯಕ್ಕೆ ಕಾರಣ ಒಂದು ಸೂಕ್ಷ್ಮ ಬ್ಯಾಕ್ಟೀರಿಯಾ ಎಂದು ಬರ್ಲಿನ್‌ನಲ್ಲಿ ಸಾರಿದ್ದು 1882ರ ಮಾರ್ಚ್ 24ರಂದು. ಇವತ್ತಿಗೂ ಆ ದಿನವನ್ನೇ ವಿಶ್ವ ಕ್ಷಯರೋಗ ದಿನವೆಂದು ಆಚರಿಸುತ್ತಾರೆ. ಅಂದರೆ ಮರ್ಸಿಯ ಪೆಟ್ಟಿಗೆ ತೆರೆದಾಗ, ನಿಜವಾದ ಅಪರಾಧಿ ಸಿಕ್ಕಿ ಹತ್ತು ವರ್ಷಕ್ಕೆ ಒಂದೇ ವಾರ ಕಡಿಮೆ! ಆದರೆ ಅಪರಾಧಿ ಸಿಕ್ಕಿದ್ದನೇ ಹೊರತು ಅವನನ್ನು ಕೊಲ್ಲುವ ಔಷಧ ಸಿಕ್ಕಿರಲಿಲ್ಲ. ಅದಕ್ಕೆ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗುವವರೆಗೂ ಕಾಯಬೇಕಾಯಿತು. ಕೈಯಲ್ಲಿ ಔಷಧವಿಲ್ಲದ ಮನುಷ್ಯ ಕೈಗೆ ಸಿಕ್ಕವರ ಮೇಲೆ ತಪ್ಪು ಹೊರಿಸುತ್ತಾನೆ.

ಪತ್ರಿಕೆಗಳು ಈ ಸುದ್ದಿಯನ್ನು ‘ರಕ್ತಪಿಶಾಚಿ’ ಎಂದೇ ಬರೆದವು. ಆ ಸೀಮೆಯ ಇಂಥ ನಂಬಿಕೆಗಳ ಬಗ್ಗೆ 1896ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂದ ಬರಹದ ತುಣುಕು ಬ್ರಾಮ್ ಸ್ಟೋಕರ್ ಅವರ ಟಿಪ್ಪಣಿಗಳ ಜೊತೆ ಸಿಕ್ಕಿದೆ. ಮರುವರ್ಷ ‘ಡ್ರಾಕುಲಾ’ ಹೊರಬಂತು.

ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲಾ ಸೇರಿ ಪಾಪ ಸತ್ತೋದವಳ ಮೇಲೆ ಹಾಕಿದ್ರಲ್ಲ ತಾತ. ಅಷ್ಟೂ ಗೊತ್ತಾಗ್ಲಿಲ್ವಾ ಅವ್ರಿಗೆ?” ಎಂದಳು.

ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದು ಮಾತನ್ನು ಅಂದು ಅವಳಿಗೆ ಹೇಳಿದೆ.

ನಾನು ಮೂರನೆಯ ಕ್ಲಾಸಿನಲ್ಲಿದ್ದೆ. ನಮ್ಮ ಚಿಕ್ಕಪ್ಪನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿಯೆಲ್ಲ ಕೆಮ್ಮು, ತೊಟ್ಟ ಅಂಗಿ ಮೈಮೇಲೆ ಜೋಲಾಡತೊಡಗಿತು. ಮನೆಯವರು ಹೊರಗೆ ಬಾಯಿ ಬಿಡಲಿಲ್ಲ. ಬಂದವರು ಕೇಳಿದರೆ “ನೆಗಡಿ” ಎನ್ನುತ್ತಿದ್ದರು. ಹುಣಸೇಮರದ ಕೆಳಗೆ ಗಾಳಿ ಸೋಕಿದೆ ಎಂದು ಒಬ್ಬರು ತಾಯಿತ ಕಟ್ಟಿದರು. ಅದರಿಂದಲೂ ಏನೂ ಆಗದಿದ್ದಾಗ ಎಲ್ಲರ ಕಣ್ಣು ಚಿಕ್ಕಮ್ಮನ ಮೇಲೆ ಬಿತ್ತು. “ಅವಳ ಕಾಲ್ಗುಣ. ಬಂದ ಗಳಿಗೆಯಿಂದ ನನ್ನ ಮಗ ಒಣಗ್ತಾ ಬಂದ” ಎಂದರು ಅಜ್ಜಿ. ಹದಿನೆಂಟು ವರ್ಷದ ಆ ಹುಡುಗಿಯನ್ನು ತವರಿಗೆ ಕಳಿಸಿದರು.

ಅವಳು ಹೊರಟ ದಿನ ನನ್ನನ್ನು ಕರೆದು, ಸೆರಗಿನಲ್ಲಿದ್ದ ಎರಡು ಕೋಡುಬಳೆ ಕೊಡಲು ಬಂದಳು. ನಾನು ಕೈ ಹಿಂದಕ್ಕೆಳೆದುಕೊಂಡೆ. “ನೀನು ಮುಟ್ಟಿದ್ರೆ ಒಣಗ್ತಾರಂತೆ” ಎಂದೆ. ಅವಳು ಏನೂ ಹೇಳದೆ ಕೋಡುಬಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಗಾಡಿ ಹತ್ತಿದಳು.

ಕೊನೆಗೆ ನಮ್ಮ ತಂದೆ ಹಟ ಹಿಡಿದು ಚಿಕ್ಕಪ್ಪನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್‌ರೇ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕೆಮ್ಮು ಇತ್ತಾ?”

ಇತ್ತು. ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ತಾತನಿಗೆ. ಬೀಡಿ ಸೇದಿ ಬಂದ ಕೆಮ್ಮು ಎಂದುಕೊಂಡಿದ್ದೆವು. ಕಿಟಕಿಯೇ ಇಲ್ಲದ ನಡುಮನೆಯಲ್ಲಿ ತಾತನ ಪಕ್ಕ ಮಲಗುತ್ತಿದ್ದವರು, ರಾತ್ರಿ ಎದ್ದು ಬೆನ್ನು ನೀವುತ್ತಿದ್ದವರು ಚಿಕ್ಕಪ್ಪ. ಆಗ ಚಿಕ್ಕಮ್ಮ ನಮ್ಮ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ.

ಆಮೇಲೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ವರ್ಷಗಟ್ಟಲೆ ಲೆಡ್ಜರ್ ಬರೆದೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲರೂ ಮೊದಲು ನೋಡುತ್ತಿದ್ದುದು ಹೊಸದಾಗಿ ಸೇರಿದವನ ಮುಖವನ್ನೇ. ತಪ್ಪು ಎಷ್ಟೋ ಸಲ ಹಳೆಯ ಪುಟದಲ್ಲಿರುತ್ತಿತ್ತು. ಪ್ರತಿ ಸಲವೂ ನನಗೆ ಚಿಕ್ಕಮ್ಮ ನೆನಪಾಗುತ್ತಿದ್ದಳು.

ಎಕ್ಸೆಟರ್‌ನ ಬ್ರೌನ್ ಮನೆಯಲ್ಲೂ ಬಹುಶಃ ಹೀಗೇ ನಡೆದಿರಬೇಕು. ಕೆಮ್ಮಿದಾಗ ಗಾಳಿಗೆ ಸೇರುವ ಬ್ಯಾಕ್ಟೀರಿಯಾ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತಿರ ಕೂತವರ ಎದೆ ಸೇರುತ್ತದೆ. ಹೆಚ್ಚು ಹತ್ತಿರ ಕೂರುವವರು ಯಾರು? ಹೆಚ್ಚು ಪ್ರೀತಿಸುವವರು.

ಚಿಕ್ಕಪ್ಪನಿಗೆ ತಿಂಗಳುಗಟ್ಟಲೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮಾತ್ರೆ ಕೊಟ್ಟರು. ಬಹಳ ದಿನ ಹಿಡಿಯಿತು, ಆದರೆ ಗುಣವಾದರು. ಆಗಿನ್ನೂ ನಮ್ಮ ದೇಶದಲ್ಲಿ ಈ ಕೆಲಸ ಚುರುಕಾಗುತ್ತಿದ್ದ ಕಾಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದೇ ವರ್ಷ ಮದರಾಸಿನ ಸಂಶೋಧಕರು ಒಂದು ದೊಡ್ಡ ವಿಷಯ ಪ್ರಕಟಿಸಿದರು. ರೋಗಿಯನ್ನು ಸ್ಯಾನಿಟೋರಿಯಂನಲ್ಲಿ ದೂರ ಇಡಬೇಕಾಗಿಲ್ಲ, ಮನೆಯಲ್ಲೇ ಇದ್ದು ಔಷಧ ತಪ್ಪದೆ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು. ಕ್ಷಯ ಬಡವರ ಮನೆಯನ್ನಷ್ಟೇ ಹುಡುಕಿ ಬರುವ ರೋಗವಲ್ಲ. ಮೈಸೂರು ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನೂ ಅದು ಬಿಡಲಿಲ್ಲ. ಅವರ ಹೆಸರಿನಲ್ಲಿ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆ ಮೈಸೂರಿನಲ್ಲಿದೆ. ದುಃಖ ಎರಡು ಕಡೆಯೂ ಒಂದೇ. ಒಂದು ಕಡೆ ಬಂಡೆಯ ಮೇಲೆ ಬೆಂಕಿ ಹೊತ್ತಿತು, ಇನ್ನೊಂದು ಕಡೆ ಆಸ್ಪತ್ರೆ ಎದ್ದಿತು.

ಚಿಕ್ಕಪ್ಪ ಗುಣವಾದ ಮೇಲೆ ಅಜ್ಜಿಯೇ ಖುದ್ದಾಗಿ ಹೋಗಿ ಸೊಸೆಯನ್ನು ಕರೆತಂದರು. ಆ ಯುಗಾದಿಗೆ ಬೇಯಿಸಿದ ಮೊದಲ ಒಬ್ಬಟ್ಟನ್ನು ಅವಳ ಎಲೆಗೆ ಬಡಿಸಿದರು. ಕ್ಷಮಿಸು ಎನ್ನುವುದು ಅವರಿಗೆ ಗೊತ್ತಿದ್ದುದು ಹಾಗೆ. ಚಿಕ್ಕಮ್ಮ ಎಂಬತ್ತರ ಹತ್ತಿರದವರೆಗೆ ಬದುಕಿದ್ದಳು. ನನಗೆ ಎಷ್ಟೋ ಸಲ ಕೋಡುಬಳೆ ಮಾಡಿ ಕೊಟ್ಟಳು, ನಾನು ತಿಂದೆ. ಆ ದಿನದ ಮಾತನ್ನು ಅವಳು ಎತ್ತಲಿಲ್ಲ. ನಾನೂ ‘ತಪ್ಪಾಯಿತು ಚಿಕ್ಕಮ್ಮ’ ಎನ್ನಲಿಲ್ಲ. ಇವತ್ತು ಹೇಳಬೇಕೆಂದರೆ ಅವಳಿಲ್ಲ.

ಅದಕ್ಕೇ ಈ ವಯಸ್ಸಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ದೊಡ್ಡವರಿಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧ ಎರಡೂ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ, ನಡುವೆ ಬಿಡಬಾರದು ಅಷ್ಟೆ. ಊಟದ ತಟ್ಟೆ, ಲೋಟ, ಬಟ್ಟೆಯಿಂದ ಇದು ಅಂಟುವುದಿಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲಿ, ಕೋಣೆಗೆ ಗಾಳಿ ಬೆಳಕು ಬರಲಿ. ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ‘ವಯಸ್ಸಿನ ಕೆಮ್ಮು’ ಎಂದು ಮುಚ್ಚಿಟ್ಟುಕೊಳ್ಳಬೇಡಿ. ಲೂಸಿಯ ತಾಯಿಗೆ ನಿಜ ತಿಳಿಸಿದ್ದರೆ ಅವಳು ಆ ಹೂವನ್ನು ತೆಗೆಯುತ್ತಿದ್ದಳೇ?

ಎಲ್ಲ ಕೇಳಿದ ಮೇಲೆ ಮೊಮ್ಮಗಳು ಗಲ್ಲಕ್ಕೆ ಕೈಕೊಟ್ಟು ಯೋಚಿಸಿದಳು.

“ಪುಸ್ತಕದಲ್ಲಿ ಕಿಟಕಿ ತೆಗೆದಿದ್ದೇ ತಪ್ಪಾಯ್ತು. ನೀವು ನೋಡಿದ್ರೆ ಕಿಟಕಿ ತೆಗೀಬೇಕು ಅಂತೀರಿ!”

“ಪುಸ್ತಕದ ಪಿಶಾಚಿಗೆ ಮುಚ್ಚಬೇಕು. ನಿಜವಾದ ಪಿಶಾಚಿಗೆ ತೆಗೀಬೇಕು.”

ಅಂದು ರಾತ್ರಿ ನೀರು ಕುಡಿಯಲು ಎದ್ದವನು ಅವಳ ಕೋಣೆಯತ್ತ ನೋಡಿದೆ. ದೀಪ ಆರಿತ್ತು. ಕಿಟಕಿ ತೆರೆದಿತ್ತು. ಒಳಗಿಂದ ದನಿ ಬಂತು: “ತಾತ, ಸೊಳ್ಳೆ ಬರ್ತಿದೆ.”

“ಪರದೆ ಇಳಿಬಿಟ್ಕೊಂಡು ಮಲಗು ಮಗು. ನಮ್ಮ ಮನೇಲಿ ರಕ್ತ ಹೀರೋದು ಅದೊಂದೇ” ಎಂದೆ.