ಕೆಲಸ ಸಿಕ್ಕಿತು, ಆಮೇಲೆ?

2017ರಲ್ಲಿ ನಾನು ಸಹಿ ಹಾಕಿದ ಕಡತವೊಂದು ನಿವೃತ್ತಿಯ ಬಳಿಕವೂ ನನ್ನನ್ನು ಬಿಟ್ಟಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಯೊಂದರ ಗ್ರಾಮೀಣ ಯುವಜನರಿಗೆ ಹೊಲಿಗೆ ಯಂತ್ರ ನಡೆಸುವ ತರಬೇತಿ ನೀಡಿ, ಬೆಂಗಳೂರಿನ ಹೊರವಲಯದ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಸಿದ ಬಗೆಗಿನ ಕಡತ ಅದು. ತಂಡದಲ್ಲಿ 35 ಮಂದಿ, ಉದ್ಯೋಗ ದೊರೆತದ್ದು 27 ಮಂದಿಗೆ. ಗುರಿ ಶೇ 70, ಸಾಧನೆ ಶೇ 77. ಮೂರು ತಿಂಗಳ ವೇತನ ಚೀಟಿಗಳು ಕ್ರಮವಾಗಿ ಲಗತ್ತಾಗಿದ್ದವು. ತರಬೇತಿ ಸಂಸ್ಥೆಗೆ ಮುಂದಿನ ಕಂತು ಬಿಡುಗಡೆ ಮಾಡಲು ಬೇಕಾದುದೆಲ್ಲವೂ ಇತ್ತು. ನಾನು ಸಹಿ ಹಾಕಿದೆ.

ಒಂದು ವರ್ಷದ ಬಳಿಕ ಬೇರೊಂದು ಕಾರ್ಯನಿಮಿತ್ತ ಅದೇ ತಾಲ್ಲೂಕಿಗೆ ಹೋಗಬೇಕಾಗಿ ಬಂದಾಗ, ಆ 27 ಮಂದಿಗೂ ದೂರವಾಣಿ ಮಾಡುವಂತೆ ಕಚೇರಿಯ ವಿಷಯ ನಿರ್ವಾಹಕರಿಗೆ ಹೇಳಿದೆ. ಅದು ಯಾವ ಸುತ್ತೋಲೆಯೂ ಕೇಳಿದ ಕೆಲಸವಾಗಿರಲಿಲ್ಲ. ಕುತೂಹಲ ಅಷ್ಟೇ. 11 ಸಂಖ್ಯೆಗಳು ಚಾಲ್ತಿಯಲ್ಲೇ ಇರಲಿಲ್ಲ. ಉಳಿದ 16ರಲ್ಲಿ ಕೆಲವು ತಂದೆಯದು, ಕೆಲವು ಪಕ್ಕದ ಮನೆಯವರದು. ನೋಂದಣಿಯ ದಿನ ಮೊಬೈಲ್ ಇಲ್ಲದ ಹುಡುಗಿಯರು ಮನೆಯಲ್ಲಿ ಯಾರ ಬಳಿ ಇತ್ತೋ ಅವರ ಸಂಖ್ಯೆಯನ್ನು ಬರೆಸಿದ್ದರು. ಹೇಗೋ ವಿಚಾರಿಸಿದಾಗ ತಿಳಿದದ್ದು, ಈ 16 ಮಂದಿಯ ಪೈಕಿ ಅದೇ ಕಾರ್ಖಾನೆಯಲ್ಲಿ ಉಳಿದವರು 6 ಮಂದಿ.

ಇಷ್ಟು ಸಣ್ಣ ಲೆಕ್ಕದಿಂದ ಒಂದು ಯೋಜನೆಯನ್ನೇ ಅಳೆಯುವುದು ಅರ್ಥಶಾಸ್ತ್ರ ಓದಿದವನಿಗೆ ತರವಲ್ಲ. ಆದರೆ ಉಳಿದ 10 ಮಂದಿಯ ಕಥೆಗಳು ನನ್ನನ್ನು ಯೋಚನೆಗೆ ಹಚ್ಚಿದವು. ಕೆಲವರು ನಾಗರ ಪಂಚಮಿಗೆಂದು ಊರಿಗೆ ಬಂದವರು ಮರಳಿ ಹೋಗಿರಲಿಲ್ಲ. ತರಬೇತಿಯಲ್ಲಿ ಹೇಳಿದ ಸಂಬಳ ಒಂದು, ಭವಿಷ್ಯನಿಧಿ, ಇಎಸ್‌ಐ, ಹಾಸ್ಟೆಲ್ ಮತ್ತು ಊಟದ ಖರ್ಚು ಕಳೆದು ಕೈಗೆ ಬಂದದ್ದು ಇನ್ನೊಂದು ಎಂಬುದು ಅವರ ದೂರು. ಇಬ್ಬರಿಗೆ ಮದುವೆಯಾಗಿತ್ತು. ಒಬ್ಬ ಹುಡುಗ ಹೆಚ್ಚಿನ ಸಂಬಳಕ್ಕೆ ತಿರುಪ್ಪೂರಿಗೆ ಹೋಗಿದ್ದ. ಒಬ್ಬ ಹೆಣ್ಣುಮಗಳು ಊರಿಗೆ ಮರಳಿ, ಸಾಲ ಮಾಡಿ ಯಂತ್ರವೊಂದನ್ನು ಕೊಂಡು, ಶಾಲಾ ಸಮವಸ್ತ್ರ ಮತ್ತು ರವಿಕೆ ಹೊಲಿಯುತ್ತಿದ್ದಳು. ‘ಅಲ್ಲಿಗಿಂತ ಇಲ್ಲೇ ಪಾಡ ಐತ್ರಿ ಸಾಹೇಬ್ರ’ ಎಂದಳು. ಸರ್ಕಾರಿ ದಾಖಲೆಯ ಪ್ರಕಾರ ಈಕೆಯೂ, ತಿರುಪ್ಪೂರಿಗೆ ಹೋದ ಹುಡುಗನೂ, ಸಂಬಳ ಸಾಲದೆ ಕೈಚೆಲ್ಲಿ ಬಂದವರೂ ಒಂದೇ: ಮೂರು ತಿಂಗಳ ಬಳಿಕ ಕಣ್ಮರೆಯಾದವರು. ಯಾರಿಗೆ ಯೋಜನೆ ನೆರವಾಯಿತು, ಯಾರನ್ನು ಕೈಬಿಟ್ಟಿತು ಎಂಬುದನ್ನು ನಮ್ಮ ಕಡತ ಹೇಳಲಾರದು.

ಇದು ನಿಯಮಗಳಿಲ್ಲದ್ದರಿಂದ ಆದ ಲೋಪವಲ್ಲ. 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಮಾರ್ಗಸೂಚಿಯನ್ನು ಓದಿದವರಿಗೆ ಅದನ್ನು ರೂಪಿಸಿದವರ ಮುಂದಾಲೋಚನೆಯ ಬಗ್ಗೆ ಗೌರವ ಮೂಡುತ್ತದೆ. ತರಬೇತಿ ಪಡೆದವರಲ್ಲಿ ಕನಿಷ್ಠ ಶೇ 70 ಮಂದಿಗೆ ಉದ್ಯೋಗ ಕಡ್ಡಾಯ. ಜಿಲ್ಲೆಯೊಳಗೇ ಕೆಲಸ ಸಿಕ್ಕರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು, ಹೊರರಾಜ್ಯವಾದರೆ ಆರು ತಿಂಗಳು ಅಭ್ಯರ್ಥಿಗೆ ಮಾಸಿಕ ₹1,000 ನೆರವು. ಒಂದು ವರ್ಷ ಕೆಲಸದಲ್ಲಿ ಉಳಿದರೆ ಸಂಸ್ಥೆಗೆ ಪ್ರೋತ್ಸಾಹಧನ. ಆದರೆ ಹಣದ ಬಹುಭಾಗ ಯಾವ ಹಂತದಲ್ಲಿ ಕೈಸೇರುತ್ತದೆಯೋ ಎಲ್ಲರ ಗಮನವೂ ಅಲ್ಲಿಗೇ ನಿಲ್ಲುತ್ತದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ತರಬೇತಿ ವೆಚ್ಚದ ಶೇ 80ರಷ್ಟು, ಅಭ್ಯರ್ಥಿಗೆ ಪ್ರಮಾಣಪತ್ರ ದೊರೆಯುವ ಹೊತ್ತಿಗೇ ಸಂಸ್ಥೆಗೆ ಸಲ್ಲುತ್ತಿತ್ತು. ಉದ್ಯೋಗಕ್ಕೆ ಕಟ್ಟುಹಾಕಿದ್ದು ಉಳಿದ ಶೇ 20 ಮಾತ್ರ. ಹೀಗಿರುವಾಗ ಒಂದು ವರ್ಷದ ಬಳಿಕ ದೂರವಾಣಿ ಮಾಡುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು?

ಭಾರತದ ಮಹಾಲೆಕ್ಕಪರಿಶೋಧಕರು 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿ ಇದೇ ಯೋಜನೆಯ ಮೊದಲ ಮೂರು ಆವೃತ್ತಿಗಳನ್ನು, ಅಂದರೆ 2015ರಿಂದ 2022ರವರೆಗಿನ ಅವಧಿಯನ್ನು, ಪರಿಶೀಲಿಸಿದೆ. ಸುಮಾರು 95.9 ಲಕ್ಷ ಅಭ್ಯರ್ಥಿಗಳ ದಾಖಲೆಗಳ ಪೈಕಿ ಶೇ 94ಕ್ಕೂ ಹೆಚ್ಚಿನವುಗಳಲ್ಲಿ ಬ್ಯಾಂಕ್ ಖಾತೆಯ ಅಂಕಣ ಖಾಲಿ ಇತ್ತು, ಅಥವಾ ಸೊನ್ನೆಯಂತಹ ಅರ್ಥವಿಲ್ಲದ ನಮೂದು ಇತ್ತು. ಅಲ್ಪಾವಧಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರಲ್ಲಿ ಉದ್ಯೋಗ ದೊರೆತವರು ಶೇ 41. ಪತ್ರಿಕೆಗಳು ಈ ಅಂಶಗಳನ್ನು ದೊಡ್ಡದಾಗಿ ಪ್ರಕಟಿಸಿದವು. ನನ್ನ ಗಮನ ಸೆಳೆದದ್ದು ಅದೇ ವರದಿಯ ಇನ್ನೊಂದು ವಿವರ. ಫಲಾನುಭವಿಗಳನ್ನೇ ನೇರವಾಗಿ ಕೇಳೋಣವೆಂದು ಲೆಕ್ಕಪರಿಶೋಧಕರು ಇ–ಮೇಲ್ ಮೂಲಕ ಪ್ರಶ್ನೆಗಳನ್ನು ಕಳುಹಿಸಿದರು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪತ್ರಗಳು ತಲುಪಲೇ ಇಲ್ಲ. ಬಂದ ಉತ್ತರಗಳು 171. ಅವುಗಳಲ್ಲಿ 131, ಒಂದೇ ವಿಳಾಸದಿಂದಲೋ ತರಬೇತಿ ಸಂಸ್ಥೆಗಳ ವಿಳಾಸದಿಂದಲೋ ಬಂದವು! ಪರೀಕ್ಷೆ ಬರೆದವನೇ ಉತ್ತರಪತ್ರಿಕೆಯನ್ನೂ ತಿದ್ದಿದ ಹಾಗೆ.

ಈ ಯೋಜನೆಯ ನಾಲ್ಕನೆಯ ಆವೃತ್ತಿಯಲ್ಲಿ ಏನಾಗಿದೆ ಎಂಬುದು ಇನ್ನೂ ವಿಚಿತ್ರ. ಉದ್ಯೋಗ ದೊರೆತ ವಿವರಗಳ ದಾಖಲಾತಿ ಮೊದಲ ಮೂರು ಆವೃತ್ತಿಗಳಲ್ಲಿ ಇತ್ತು, ಈಗಿನ ಗಮನ ಅಭ್ಯರ್ಥಿಗಳು ತಮ್ಮ ವೃತ್ತಿಪಥವನ್ನು ತಾವೇ ಆರಿಸಿಕೊಳ್ಳುವಂತೆ ಸಬಲಗೊಳಿಸುವುದರತ್ತ ಎಂದು ಸಚಿವಾಲಯ ಸಂಸತ್ತಿಗೆ ನೀಡಿದ ಉತ್ತರಗಳಲ್ಲಿ ಹೇಳಿದೆ. ಅಳತೆ ಸರಿಯಿಲ್ಲವೆಂದಾದರೆ ಅಳತೆಗೋಲನ್ನು ಸರಿಪಡಿಸಬೇಕು. ಅದನ್ನು ಅಟ್ಟಕ್ಕೇರಿಸಿದರೆ ಶೇ 41 ಎಂಬ ಮುಜುಗರದ ಅಂಕಿಯೂ ಮುಂದೆ ಸಿಗಲಾರದು.

ಇದು ಈಗಿನ ಸರ್ಕಾರಗಳ ರೋಗವೆಂದು ಯಾರೂ ಭಾವಿಸಬೇಕಿಲ್ಲ. 1979ರಲ್ಲಿ ಆರಂಭವಾಗಿ 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾದ ‘ಟ್ರೈಸೆಮ್’ ಕಾರ್ಯಕ್ರಮದ ರಿಜಿಸ್ಟರುಗಳನ್ನು ಸೇವೆಯ ಆರಂಭದ ವರ್ಷಗಳಲ್ಲಿ ನಾನೇ ತಿರುವಿದ್ದೇನೆ. ಅಲ್ಲಿಯೂ ‘ತರಬೇತಿ ಪಡೆದವರು’ ಎಂಬ ಅಂಕಣ ತುಂಬಿ ತುಳುಕುತ್ತಿತ್ತು, ‘ಷರಾ’ ಅಂಕಣ ಖಾಲಿ ಇರುತ್ತಿತ್ತು.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರಿಸಬೇಕು. ಲಕ್ಷಾಂತರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಹೋಗುವುದು ಕಾರ್ಯಸಾಧ್ಯವೇ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಎಲ್ಲರನ್ನೂ ಹುಡುಕುವ ಅಗತ್ಯವೇ ಇಲ್ಲ. ಸಂಖ್ಯಾಶಾಸ್ತ್ರದ ಪ್ರಾಥಮಿಕ ಪಾಠದ ಪ್ರಕಾರ ಯಾದೃಚ್ಛಿಕವಾಗಿ ಆಯ್ದ 400 ಮಂದಿ, ಐದು ಅಂಶಗಳ ಆಚೀಚೆಯಲ್ಲಿ ನಿಜಸ್ಥಿತಿಯನ್ನು ಹೇಳಬಲ್ಲರು. ಆದರೆ ಆ 400 ಮಂದಿಯನ್ನು ನಿಜಕ್ಕೂ ಹುಡುಕಬೇಕು. ಫೋನು ಸಿಗದಿದ್ದರೆ ಊರಿಗೆ ಹೋಗಬೇಕು, ಆಶಾ ಕಾರ್ಯಕರ್ತೆಯನ್ನು, ಸ್ತ್ರೀಶಕ್ತಿ ಸಂಘದವರನ್ನು ಕೇಳಬೇಕು. ಸಿಗದೇ ಹೋದವರನ್ನು ಲೆಕ್ಕದಿಂದ ಬಿಡುವಂತಿಲ್ಲ. ನಮ್ಮ ವರದಿಗಳ ದೊಡ್ಡ ಸುಳ್ಳು ಇರುವುದು ಛೇದದಲ್ಲಿ. ನೋಂದಾಯಿಸಿದವರು 100, ಪ್ರಮಾಣಪತ್ರ ಪಡೆದವರು 70, ಫೋನಿಗೆ ಸಿಕ್ಕವರು 30, ಕೆಲಸದಲ್ಲಿರುವವರು 21 ಎಂದುಕೊಳ್ಳಿ. ಇದನ್ನು ಶೇ 70 ಯಶಸ್ಸು ಎಂದೂ ಬರೆಯಬಹುದು, ಶೇ 21 ಎಂದೂ ಬರೆಯಬಹುದು. ಯಾವುದನ್ನು ಬರೆಯುತ್ತಾರೆಂದು ಹೇಳಬೇಕಿಲ್ಲ.

ಈ ಹುಡುಕಾಟವನ್ನು ತರಬೇತಿ ಸಂಸ್ಥೆಗೂ ವಹಿಸಬಾರದು, ಅದಕ್ಕೆ ಹಣ ಬಿಡುಗಡೆ ಮಾಡುವ ಇಲಾಖೆಗೂ ವಹಿಸಬಾರದು. ನಮ್ಮ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಪ್ರತಿ ಜಿಲ್ಲೆಯಲ್ಲೂ ಕಚೇರಿಯಿದೆ. ಆರು, ಹನ್ನೆರಡು ಮತ್ತು ಇಪ್ಪತ್ತನಾಲ್ಕು ತಿಂಗಳಿಗೊಮ್ಮೆ ಮಾದರಿ ಸಮೀಕ್ಷೆ ಮಾಡುವುದು ಅದಕ್ಕೆ ಹೊರೆಯಾಗದು. ನೌಕರರ ಭವಿಷ್ಯನಿಧಿಯ ಯುಎಎನ್ ಸಂಖ್ಯೆ 2014ರಿಂದಲೇ ಚಾಲ್ತಿಯಲ್ಲಿದೆ. ಅಭ್ಯರ್ಥಿಯ ಒಪ್ಪಿಗೆ ಪಡೆದು ಅದನ್ನು ಜೋಡಿಸಿದರೆ, ಯಾವ ತಿಂಗಳು ವಂತಿಗೆ ನಿಂತಿತು, ಯಾವಾಗ ಬೇರೊಬ್ಬ ಮಾಲೀಕರ ಮೂಲಕ ಪುನಃ ಆರಂಭವಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ರವಿಕೆ ಹೊಲಿಯುವ ಹೆಣ್ಣುಮಗಳು ಮಾತ್ರ ಅದರಲ್ಲಿ ಕಾಣಲಾರಳು. ಅವಳಿಗಾಗಿಯೇ ಊರಿಗೆ ಹೋಗುವ ಸಮೀಕ್ಷೆ ಬೇಕು.

ಇನ್ನೊಂದು ಎಚ್ಚರಿಕೆ. ಒಂದು ವರ್ಷದ ಬಳಿಕ ಆದಾಯ ಹೆಚ್ಚಿತೆಂದ ಮಾತ್ರಕ್ಕೆ ಅದು ತರಬೇತಿಯ ಫಲವೆನ್ನಲಾಗದು. ತರಬೇತಿಗೆ ಸೇರುವವರು ಸಾಮಾನ್ಯವಾಗಿ ಆದಾಯ ಕುಸಿದ ಹೊತ್ತಿನಲ್ಲೇ ಸೇರುತ್ತಾರೆ, ಹಾಗಾಗಿ ಸ್ವಲ್ಪ ಚೇತರಿಕೆ ಹೇಗಿದ್ದರೂ ಬರುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಷ್ಟು ಹಿಂದೆಯೇ ತೋರಿಸಿದ್ದರು. ಅರ್ಜಿ ಹಾಕಿ ಜಾಗ ಸಿಗದೇ ಹೋದವರನ್ನೂ ಇದೇ ಅವಧಿಯಲ್ಲಿ ವಿಚಾರಿಸಿದರೆ ಹೋಲಿಕೆಗೆ ಒಂದು ಆಧಾರ ಸಿಗುತ್ತದೆ.

ಹುಡುಕಿ ಹೋಗುವುದರಿಂದ ಲಾಭವಿದೆಯೇ ಎಂಬುದಕ್ಕೆ ಬಿಹಾರ ಮತ್ತು ಜಾರ್ಖಂಡ್‌ಗಳ ಉದಾಹರಣೆ ಇದೆ. ಅಲ್ಲಿ ಇದೇ ಗ್ರಾಮೀಣ ಕೌಶಲ್ಯ ಯೋಜನೆಯ ಅಭ್ಯರ್ಥಿಗಳನ್ನು ತರಬೇತಿ ಮುಗಿದ ನಂತರವೂ ಸಂಪರ್ಕಿಸಿದ ಭಾಸ್ಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನವು, ಮುಂದೆ ಸಿಗುವ ಕೆಲಸ, ಸಂಬಳ, ಊರು ಎಂತಹವು ಎಂದು ಎರಡು ಸಭೆಗಳಲ್ಲಿ ಮೊದಲೇ ತಿಳಿಸಿದ ತಂಡಗಳವರು ದೊರೆತ ಕೆಲಸದಲ್ಲಿ ಉಳಿಯುವ ಸಾಧ್ಯತೆ ಶೇ 17ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಖರ್ಚು ಅತ್ಯಲ್ಪ. ನಮ್ಮ ಹುಡುಗಿಯರ ದೂರಿಗೂ ಮದ್ದು ಇದೇ ಆಗಿತ್ತು: ಕೈಗೆ ಎಷ್ಟು ಬರುತ್ತದೆಂದು ಮೊದಲೇ ಹೇಳುವುದು.

ನಮ್ಮ ರಾಜ್ಯದ ಮುಂದೆ ಈಗ ಒಂದು ಸದವಕಾಶವಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ‘ಯುವನಿಧಿ’ಯಲ್ಲಿ ಪದವೀಧರರಿಗೆ ಮಾಸಿಕ ₹3,000, ಡಿಪ್ಲೊಮಾ ಪಡೆದವರಿಗೆ ₹1,500, ಗರಿಷ್ಠ ಎರಡು ವರ್ಷ. ಭತ್ಯೆ ನಿಂತವರಲ್ಲಿ ಕೆಲಸ ಸಿಕ್ಕಿ ನಿಂತವರೆಷ್ಟು, ಅವಧಿ ಮುಗಿದು ನಿಂತವರೆಷ್ಟು ಎಂಬುದನ್ನು ಬೇರ್ಪಡಿಸಿ ವಿಚಾರಿಸಲು ಹೆಸರು, ಖಾತೆ, ಆಧಾರ್ ಎಲ್ಲವೂ ಸರ್ಕಾರದ ಬಳಿಯೇ ಇವೆ. ಬೇಕಿರುವುದು ವಿಚಾರಿಸುವ ಮನಸ್ಸು.

ನನ್ನ ಸಹಿಯ ವಿಷಯಕ್ಕೆ ಮರಳುತ್ತೇನೆ. ಆ 16 ಮಂದಿಯ ವಿವರಗಳೊಂದಿಗೆ ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆ. ‘ವೇತನ ಚೀಟಿಗಳು ಕ್ರಮಬದ್ಧವಾಗಿವೆ, ಕಡತ ಮುಕ್ತಾಯಗೊಳಿಸಿದೆ’ ಎಂದು ಒಕ್ಕಣೆ ಬಂತು. ನಾನು ಪುನಃ ಬರೆಯಲಿಲ್ಲ. ಬರೆಯಬಹುದಿತ್ತು. ಉಳಿದ 11 ಮಂದಿ ಏನಾದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ.