ಬಾಗಿಲಿಗೆ ಅಂಟಿಕೊಂಡ ಹಕಾರ

ಫ್ರಾನ್ಸಿನಲ್ಲಿ ಸಾಲ ಬಾಕಿ ಉಳಿಸಿಕೊಂಡವರು ನೋಡಲು ಬಯಸದ ಮುಖಕ್ಕೆ ಬಹುಕಾಲ ಇದ್ದ ಹೆಸರು ‘ಉಇಸ್ಯೇ’. ನಮ್ಮ ಕೋರ್ಟಿನ ಅಮೀನರಂತೆ ಸಮನ್ಸ್ ತಲುಪಿಸುವುದು, ಜಪ್ತಿ ಮಾಡುವುದು, ಮನೆ ಖಾಲಿ ಮಾಡಿಸುವುದು ಇವರ ಕೆಲಸ.

ಬರೆದರೆ ಎಂಟು ಅಕ್ಷರ, ನುಡಿದರೆ ಎರಡೇ ತುಣುಕು: ಉಇ, ಸ್ಯೇ. ಮೊದಲ ಎಚ್, ಕೊನೆಯ ಆರ್ ಎರಡೂ ಮೂಕ. ‘ಉಇ’ ಎಂದು ನಾನು ಬರೆದದ್ದೂ ಅಂದಾಜಷ್ಟೇ. ತುಟಿಯನ್ನು ‘ಉ’ಗೆ ದುಂಡಗೆ ಮಾಡಿ, ನಾಲಿಗೆಯನ್ನು ‘ಇ’ಯಲ್ಲಿಟ್ಟು ಥಟ್ಟನೆ ಜಾರಿಸಬೇಕು. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದರೆ ಎರಡು ಎಸ್‌ಗಳ ನಡುವೆ ಗೆರೆ ಬೀಳುತ್ತದೆ. ಬಾಯಿಗೆ ಮಾತ್ರ ಇರುವುದೊಂದೇ ಸಕಾರ, ಅದು ಎರಡನೆಯ ತುಣುಕಿನ ಪಾಲು.

ಯಾರೂ ಉಚ್ಚರಿಸದ ಆ ಎಚ್ ಬಂದದ್ದೆಲ್ಲಿಂದ? ಲ್ಯಾಟಿನ್ನಿನಲ್ಲಿ ಬಾಗಿಲಿಗೆ ‘ಓಸ್ಟಿಯಂ’. ಅದು ಸವೆದು ಹಳೆಯ ಫ್ರೆಂಚಿನಲ್ಲಿ ‘ಉಇಸ್’ ಆಯಿತು. ಬಾಗಿಲು ಕಾಯುವವನೇ ಉಇಸ್ಯೇ. ಇಂಗ್ಲಿಷಿನ ‘ಅಷರ್’ ಕೂಡ ಇದೇ ಬಳ್ಳಿಯದು. ಎಲ್ಲಿಯೂ ಹಕಾರದ ಸುಳಿವಿಲ್ಲ. ಆದರೆ ಆ ಕಾಲದ ಬರವಣಿಗೆಯಲ್ಲಿ ಯು ಮತ್ತು ವಿ ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ. ಬಾಗಿಲು ಎಂದು ಬರೆದದ್ದನ್ನು ‘ವಿಸ್’, ಅಂದರೆ ತಿರುಪು ಎಂದೂ ಓದಬಹುದಿತ್ತು. ಹೀಗೆಯೇ ಎಣ್ಣೆಯ ಪದ ‘ನೀಚ’ವಾಗುತ್ತಿತ್ತು, ಸಿಂಪಿಯದು ಗಾಜಾಗುತ್ತಿತ್ತು! ಮುಂದಿರುವುದು ಸ್ವರ ಎಂದು ತೋರಿಸಲು ಲಿಪಿಕಾರರು ಈ ಪದಗಳ ತಲೆಗೆಲ್ಲ ಎಚ್ ಕಟ್ಟಿದರು. ಹಳೇ ಮೈಸೂರಿನ ಕಡೆ ‘ಹಾಲು’ ‘ಆಲು’ ಆಗುವಾಗ ನಾಲಿಗೆ ಇದ್ದ ಹಕಾರವನ್ನು ಬಿಡುತ್ತದೆ. ಇಲ್ಲಿ ಲೇಖನಿ ಇಲ್ಲದ್ದನ್ನು ತಂದಿತು. 1762ರ ಫ್ರೆಂಚ್ ಅಕಾಡೆಮಿಯ ನಿಘಂಟು ಯು, ವಿಗಳನ್ನು ಬೇರ್ಪಡಿಸಿದ ಮೇಲೂ ಆ ಎಚ್ ಕದಲಲಿಲ್ಲ.

ದಿನಬಳಕೆಯಲ್ಲಿ ಬಾಗಿಲಿಗೆ ‘ಪೋರ್ತ್’ ಎಂಬ ಪದ ಬಂದು ‘ಉಇಸ್’ ಅನ್ನು (ಈಗಿನ ಉಚ್ಚಾರದಲ್ಲಿ ‘ಉಇ’) ಹೊರದಬ್ಬಿತು. ಅದಕ್ಕೆ ಆಸರೆ ಕೊಟ್ಟದ್ದು ನ್ಯಾಯಾಲಯ: ಮುಚ್ಚಿದ ಬಾಗಿಲೊಳಗಿನ ವಿಚಾರಣೆ ಇಂದಿಗೂ ‘ಉಇ ಕ್ಲೊ’. 1944ರಲ್ಲಿ ರಂಗಕ್ಕೆ ಬಂದ, ಫ್ರೆಂಚ್ ಲೇಖಕ ಸಾರ್ತ್ರ್ ಬರೆದ ನಾಟಕದ ಹೆಸರೂ ಇದೇ. ತಮಾಷೆಯೆಂದರೆ, ಉಇಸ್ಯೇ ಹಿಂದೆ ‘ಲ’ ಎಂಬ ಉಪಪದ ಸ್ವರ ಕಳೆದುಕೊಂಡು ‘ಲುಇಸ್ಯೇ’ ಎಂದು ಬೆಸೆಯುತ್ತದೆ. ‘ಲ ಉಇ ಕ್ಲೊ’ ಎನ್ನುವಾಗ ಸಂಧಿಯೇ ಇಲ್ಲ. ಒಂದೇ ಬಾಗಿಲಿಗೆ ಎರಡು ಕಾನೂನು.

2022ರ ಜುಲೈ 1ರಂದು ಕೋರ್ಟಿನ ಉಇಸ್ಯೇಗಳನ್ನು ನ್ಯಾಯಾಂಗದ ಹರಾಜುದಾರರ ಜೊತೆ ಸೇರಿಸಿ ‘ಕೊಮಿಸೇರ್ ದ ಜೂಸ್ತೀಸ್’ ಎಂಬ ಹೊಸ ಹೆಸರು ಕೊಟ್ಟರು. ಪ್ಯಾರಿಸಿನ ಸಂಸತ್ತಿನಲ್ಲಿ ಮಾತ್ರ ಕೊರಳಿಗೆ ಸರಪಳಿ ತೊಟ್ಟ ಉಇಸ್ಯೇಗಳು ಈಗಲೂ ಬಾಗಿಲ ಬಳಿ ನಿಂತಿರುತ್ತಾರೆ.