ಬಯಲುಸೀಮೆಯಲ್ಲಿ ಮನೆ ರಿಪೇರಿ: ನಂಬಿಗಸ್ತ ಮೇಸ್ತ್ರಿಯನ್ನು ಕಂಡುಕೊಳ್ಳುವುದು ಹೇಗೆ?



ಹೊಸ ಮನೆ ಕಟ್ಟುವಾಗ ಜನರು ಹತ್ತು ಕಡೆ ವಿಚಾರಿಸುತ್ತಾರೆ. ಅದೇ ಹಳೆಯ ಮನೆಯ ಮಾಡು ಸೋರಲು ತೊಡಗಿದರೆ ಮೊದಲು ಸಿಕ್ಕಿದ ಮೇಸ್ತ್ರಿಯ ಕೈಗೆ ಮುಂಗಡ ಕೊಟ್ಟು ಬಿಡುತ್ತಾರೆ. ಮಳೆ ಬರುವ ಮುಂಚೆ ಕೆಲಸ ಮುಗಿಯಬೇಕೆಂಬ ಅವಸರವೇ ಇದಕ್ಕೆ ಕಾರಣ. ಅರ್ಧ ಕೆಲಸ ಮಾಡಿ ಕಾಣೆಯಾದ ಗುತ್ತಿಗೆದಾರ, ಮರುವರ್ಷವೇ ಮತ್ತೆ ಸೋರುವ ಮಾಳಿಗೆ, ಮಗಳ ಮದುವೆಗೆಂದು ಕೂಡಿಟ್ಟು ಖರ್ಚಾಗಿ ಹೋದ ಹಣ - ಇಂತಹ ದೂರುಗಳು ಎಲ್ಲಾ ಊರುಗಳಲ್ಲೂ ಕೇಳಿ ಬರುತ್ತವೆ.

ಕರಾವಳಿಯಿಂದ ಶಿಕ್ಷಕರಾಗಿ, ದಾದಿಯರಾಗಿ, ಬ್ಯಾಂಕ್ ನೌಕರರಾಗಿ, ಧರ್ಮಭಗಿನಿಯರಾಗಿ ಬಯಲುಸೀಮೆಗೆ ಹೋಗಿ ನೆಲೆಸಿದವರಿಗೆ ಈ ಕಷ್ಟ ಇನ್ನೂ ಹೆಚ್ಚು. ಅಲ್ಲಿನ ಮನೆಯ ರಚನೆಯೂ ಹೊಸದು, ಕೆಲಸಗಾರರೂ ಹೊಸಬರು. ಆದುದರಿಂದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ನಾವು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ಇದರಲ್ಲಿನ ಹೆಚ್ಚಿನ ಮಾತುಗಳು ಬೇರೆ ಊರಿನವರಿಗೂ ಅನ್ವಯಿಸುತ್ತವೆ.

ಮೊದಲು ಮನೆಯನ್ನು ಅರಿಯೋಣ

ನಮ್ಮ ಕಡೆ ಹಂಚಿನ ಮಾಡು ಹೊಸತಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಇಳಿಜಾರು ಮಾಡು ಕರಾವಳಿಯ ಗುರುತಾಗಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ ನೀರು ಕೂಡಲೇ ಇಳಿದು ಹೋಗಬೇಕು. ಚಳ್ಳಕೆರೆಯಲ್ಲಿ ಮಳೆ ಐನೂರು ಮಿಲಿಮೀಟರಿನ ಆಸುಪಾಸು ಮಾತ್ರ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿನ ಶತ್ರು ಬಿಸಿಲು. ಹಾಗಾಗಿ ಹಳೆಯ ಮನೆಗಳಿಗೆ ಸಮತಟ್ಟಾದ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಅಥವಾ ಚಪ್ಪಡಿ, ಎಲ್ಲಕ್ಕಿಂತ ಮೇಲೆ ದಪ್ಪನಾದ ಮಣ್ಣು.

ಈ ಮೇಲಿನ ಪದರಕ್ಕೆ ಕರಲು ಮಣ್ಣನ್ನು (ಕೆಲವರು ಚೌಳು ಮಣ್ಣು ಎನ್ನುತ್ತಾರೆ) ಬಳಸುವುದು ರೂಢಿ. ಬೆಳೆಗೆ ಬಾರದ ಈ ಮಣ್ಣು ಮಾಳಿಗೆಗೆ ಒಳ್ಳೆಯದು. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ ನೀರು ತಾಗಿದೊಡನೆ ಮಣ್ಣಿನ ಸಣ್ಣ ಕಣಗಳು ಬಿಡಿಬಿಡಿಯಾಗಿ, ಉಬ್ಬಿ, ರಂಧ್ರಗಳನ್ನು ಮುಚ್ಚಿ ಬಿಡುತ್ತವೆ. ನೀರು ಕೆಳಗೆ ಇಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಹಿರಿಯರ ಈ ಜಾಣ್ಮೆಯನ್ನು ಕೀಳಾಗಿ ಕಾಣಬಾರದು.

ಆದರೆ ಪ್ರತಿ ಸಲ ಸೋರಿದಾಗಲೂ ಹಳೆಯದನ್ನು ಕೆರೆಯದೆ ಮೇಲೆ ಹೊಸ ಮಣ್ಣು ಸುರಿಯುತ್ತಾ ಹೋದರೆ ಅಪಾಯವಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಅದರ ಭಾರ ಎರಡು ಟನ್ನಿಗೂ ಹೆಚ್ಚು. ನೆನೆದಾಗ ಇನ್ನಷ್ಟು. ಗೆದ್ದಲು ತಿಂದ ತೊಲೆ ಇದನ್ನು ಎಷ್ಟು ಕಾಲ ಹೊತ್ತೀತು?

ಇಲ್ಲಿಯೇ ಅನುಭವವಿಲ್ಲದ ಗುತ್ತಿಗೆದಾರರು ದೊಡ್ಡ ಹಾನಿ ಮಾಡುವುದು. "ಮೇಲೆ ಎರಡಿಂಚು ಕಾಂಕ್ರೀಟ್ ಹಾಕಿ ಬಿಡೋಣ, ಮತ್ತೆ ತೊಂದರೆಯೇ ಇಲ್ಲ" ಎಂದು ಹೇಳುತ್ತಾರೆ. ಅದೇ ಕೋಣೆಯ ಮೇಲೆ ಎರಡಿಂಚು ಕಾಂಕ್ರೀಟ್ ಎಂದರೆ ಮತ್ತೆ ಒಂದು ಟನ್ನಿಗೂ ಮಿಕ್ಕಿದ ಭಾರ. ಮರ ಮತ್ತು ಮಣ್ಣು ಬಿಸಿಲಿಗೆ ಅಲುಗಾಡುವಷ್ಟು ಸಿಮೆಂಟು ಅಲುಗದು. ಅದು ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಆವಿಯಾಗಿ ಹೋಗಲು ದಾರಿಯಿಲ್ಲದೆ ಒಳಗೇ ನಿಂತು ತೊಲೆಯನ್ನು ಕೊಳೆಸುತ್ತದೆ. ಹೊರಗಿನಿಂದ ಚೆಂದ ಕಾಣುವ ಮಾಳಿಗೆ ಒಂದು ರಾತ್ರಿ ಮಲಗಿದವರ ಮೇಲೆ ಕುಸಿಯಬಹುದು. ಆದುದರಿಂದ ಗೋಡೆಯೊಳಗೆ ಸೇರಿರುವ ತೊಲೆಯ ತುದಿಗಳನ್ನು ಚುಚ್ಚಿ ನೋಡದೆ ರೇಟು ಹೇಳುವ ಮೇಸ್ತ್ರಿಯನ್ನು ನಂಬಬೇಡಿ. ತೊಲೆ ಬಾಗಿದ್ದರೆ, ಗೋಡೆಯಲ್ಲಿ ಓರೆಯಾದ ಅಗಲ ಬಿರುಕು ಇದ್ದರೆ ಒಬ್ಬ ಸಿವಿಲ್ ಇಂಜಿನಿಯರನ್ನು ಕರೆಸಿ ತೋರಿಸುವುದೇ ಲೇಸು.

ಮೊಳಕಾಲ್ಮೂರಿನ ನೇಕಾರರ ಮನೆಗಳದ್ದು ಬೇರೆ ಸಮಸ್ಯೆ. ಹೆಸರಾಂತ ರೇಷ್ಮೆ ಸೀರೆ ನೇಯುವ ಗುಂಡಿ ಮಗ್ಗ ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಬೀದಿಗೆ ಕಾಂಕ್ರೀಟ್ ಹಾಕಿ ಮಟ್ಟ ಏರಿದಾಗ ಹಳೆಯ ಮನೆಯ ನೆಲ ತಗ್ಗಾಗಿ, ಮಳೆಗಾಲದಲ್ಲಿ ಗುಂಡಿಗೆ ತೇವ ಬರುತ್ತದೆ. ಮಗ್ಗ ನಿಂತರೆ ಮನೆಯ ಸಂಪಾದನೆಯೇ ನಿಂತಿತು. ಇಲ್ಲಿ ಒಳಗೋಡೆಗೆ ಸಿಮೆಂಟ್ ಬಳಿಯುವುದರಿಂದ ಪ್ರಯೋಜನವಿಲ್ಲ. ಹೊರಗಿನ ನೀರು ಮನೆಯ ಬುಡದಿಂದ ದೂರ ಹರಿಯುವಂತೆ ಮಾಡುವುದೇ ಮೊದಲ ಕೆಲಸ. ಇದನ್ನು ತಾನಾಗಿ ಹೇಳುವ ಮೇಸ್ತ್ರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಬಹುದು.

ಯಾರನ್ನು ಕರೆಯುವುದು?

1. ಮಾಳಿಗೆಗೆ ಕರಲು ಮಣ್ಣು ಹಾಕುವವರು, ಗಾರೆ ಮೇಸ್ತ್ರಿ, ಬಡಗಿ, ಪ್ಲಂಬರ್ - ಇವರೆಲ್ಲ ಬೇರೆ ಬೇರೆ ಕಸುಬಿನವರು. "ಎಲ್ಲವನ್ನೂ ನಾನೇ ಮಾಡುತ್ತೇನೆ" ಎನ್ನುವವನನ್ನು ಯಾವ ಕೆಲಸವನ್ನು ಯಾರಿಂದ ಮಾಡಿಸುತ್ತೀರಿ ಎಂದು ಕೇಳಿರಿ. ಮಣ್ಣಿನ ಮಾಳಿಗೆಯ ಕೆಲಸ ಬಲ್ಲವರು ಈಗ ಹೆಚ್ಚಾಗಿ ಹಳ್ಳಿಗಳ ಹಿರಿಯರು.

2. ಎರಡು ಮಳೆಗಾಲ ದಾಟಿದ ಕೆಲಸವನ್ನು ನೋಡಿರಿ. ಕಳೆದ ತಿಂಗಳು ಮುಗಿದ ಕೆಲಸ ಏನನ್ನೂ ಹೇಳದು. ಆ ಮನೆಯವರನ್ನು ಮೂರು ಪ್ರಶ್ನೆ ಕೇಳಿರಿ: ಹೇಳಿದ ಹಣಕ್ಕೆ ಮುಗಿಸಿದರೇ? ಮಧ್ಯದಲ್ಲಿ ಬಿಟ್ಟು ಹೋದರೇ? ಆಮೇಲೆ ಕರೆದಾಗ ಬಂದರೇ? ಮೂರನೆಯದೇ ಮುಖ್ಯ.

3. ಹಾರ್ಡ್‌ವೇರ್ ಅಂಗಡಿಯವರಿಗೆ ಮೇಸ್ತ್ರಿಗಳ ಪರಿಚಯವಿರುತ್ತದೆ. ಆದರೆ ಅವರಿಬ್ಬರ ನಡುವೆ ವ್ಯಾಪಾರದ ಸಂಬಂಧವೂ ಇರಬಹುದು. ಒಬ್ಬರ ಮಾತಿನ ಮೇಲೆ ನಿರ್ಧರಿಸದೆ, ಕನಿಷ್ಠ ಇಬ್ಬರು ಮೇಸ್ತ್ರಿಗಳನ್ನು ಮನೆಗೇ ಕರೆಸಿ ಲೆಕ್ಕ ಕೇಳಿರಿ.

4. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಆತನ ಗುರುತು ಸಿಗುತ್ತದೆ. ಆದರೆ ಅದು ಕೈಚಳಕದ ಪ್ರಮಾಣಪತ್ರವಲ್ಲ.

5. ವೈರಿಂಗ್ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಗೇ ಕೊಡಿರಿ. ಒಣ ನೆಲದಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ; ಅದನ್ನೂ ಪರೀಕ್ಷಿಸಲು ಹೇಳಿರಿ.

6. ಮಹಡಿ ಏರಿಸುವುದು, ಹೊಸ ಕೋಣೆ ಸೇರಿಸುವುದು ಬರೀ ರಿಪೇರಿಯಲ್ಲ. ಚಳ್ಳಕೆರೆಯಲ್ಲಿ ನಗರಸಭೆ, ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯಲ್ಲಿ ಮೊದಲು ವಿಚಾರಿಸಿರಿ.

ಸಮಯವನ್ನೂ ನೋಡಬೇಕು. ಈ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಶೇಂಗಾ ಬಿತ್ತನೆ ಮತ್ತು ಕೀಳುವ ದಿನಗಳಲ್ಲಿ ಆಳುಗಳು ಹೊಲಕ್ಕೆ ಹೋಗುತ್ತಾರೆ. ಕಡುಬೇಸಿಗೆಯಲ್ಲಿ ನೀರಿಗೆ ಬರ. ಆದುದರಿಂದ ಜನವರಿ, ಫೆಬ್ರವರಿಯಲ್ಲೇ ಮೇಸ್ತ್ರಿಯನ್ನು ಗೊತ್ತು ಮಾಡಿಕೊಳ್ಳುವುದು ಉತ್ತಮ.

ಕೂಲಿಯೋ, ಗುತ್ತಿಗೆಯೋ?

ದಿನಗೂಲಿ, ಲೇಬರ್ ಗುತ್ತಿಗೆ, ಸಾಮಾನು ಸಮೇತ ಗುತ್ತಿಗೆ ಎಂದು ಮೂರು ಬಗೆಯಿದೆ. ಒಳಗೆ ಎಷ್ಟು ಹಾಳಾಗಿದೆ ಎಂದು ಬಿಚ್ಚಿ ನೋಡದೆ ತಿಳಿಯದ ಕೆಲಸಕ್ಕೆ, ಉದಾಹರಣೆಗೆ ಹಳೆಯ ಮಾಳಿಗೆಗೆ, ಮೊದಲ ಒಂದೆರಡು ದಿನ ಕೂಲಿಯ ಮೇಲೆ ಬಿಚ್ಚಿಸಿ, ನೋಡಿದ ಮೇಲೆ ಗುತ್ತಿಗೆ ಮಾತನಾಡುವುದು ಇಬ್ಬರಿಗೂ ನ್ಯಾಯ. ಗೋಡೆಗೆ ಪ್ಲಾಸ್ಟರಿಂಗ್, ನೆಲಕ್ಕೆ ಟೈಲ್ಸ್ ಮುಂತಾದ ಅಳೆಯಬಹುದಾದ ಕೆಲಸಕ್ಕೆ ಚದರಡಿಯ ಲೆಕ್ಕ ಸರಿ. ಒಂದು 'ಚದರ' ಎಂದರೆ ನೂರು ಚದರಡಿ ಎಂಬುದನ್ನೂ, ಬಾಗಿಲು ಕಿಟಕಿಗಳ ಅಳತೆ ಕಳೆಯುತ್ತಾರೋ ಇಲ್ಲವೋ ಎಂಬುದನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ಕೊನೆಯ ದಿನದ ಹೆಚ್ಚಿನ ಜಗಳಗಳು ಅಳತೆಯ ಜಗಳಗಳೇ.

ಒಂದು ಹಾಳೆಯ ಕರಾರು

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಅದನ್ನು ಸಾಬೀತು ಪಡಿಸುವುದು ಕಷ್ಟ. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು: ಇಬ್ಬರ ಹೆಸರು, ವಿಳಾಸ, ಫೋನ್ ನಂಬರ್, ಯಾವ ಯಾವ ಕೆಲಸ, ಎಷ್ಟು ಅಳತೆ, ಸಾಮಾನು ಯಾರದು, ಯಾವ ಕಂಪೆನಿಯದು, ಒಟ್ಟು ಹಣ ಮತ್ತು ಕಂತುಗಳು, ಆರಂಭ ಮತ್ತು ಮುಕ್ತಾಯದ ದಿನಾಂಕ, ಹಳೆಯ ಮರ ಮತ್ತು ಕಲ್ಲು ಯಾರಿಗೆ ಸೇರಬೇಕು, ಹೆಚ್ಚುವರಿ ಕೆಲಸ ಬಂದರೆ ಮೊದಲು ರೇಟು ಬರೆದು ಒಪ್ಪಿಯೇ ಮುಂದುವರಿಯಬೇಕು, ಸೋರಿದರೆ ಎಷ್ಟು ಸಮಯದವರೆಗೆ ಉಚಿತವಾಗಿ ಸರಿಪಡಿಸಬೇಕು.

ಆಂಧ್ರದ ಗಡಿಯಾದ್ದರಿಂದ ರಾಯದುರ್ಗದ ಕಡೆಯ, ತೆಲುಗು ಮಾತನಾಡುವ ಕೆಲಸಗಾರರೂ ಬರುತ್ತಾರೆ. ಕನ್ನಡ ಓದಲು ಬಾರದವರಿಗೆ, ಅಕ್ಷರವೇ ತಿಳಿಯದವರಿಗೆ ಅವರು ಬಲ್ಲ ಭಾಷೆಯಲ್ಲಿ ಓದಿ ಹೇಳಿಸಿ, ಆಮೇಲೆ ಸಹಿ ಪಡೆಯುವುದು ಧರ್ಮ.

ಹಣದ ವಿಚಾರದಲ್ಲಿ ಒಂದು ಉದಾಹರಣೆ ಕೊಡುತ್ತೇವೆ. ಅರುವತ್ತು ಸಾವಿರ ರೂಪಾಯಿಯ ಕೆಲಸವೆಂದಿಟ್ಟುಕೊಳ್ಳಿ. ಹತ್ತು ಸಾವಿರ ಮುಂಗಡ, ಉಳಿದ ನಲುವತ್ತನಾಲ್ಕು ಸಾವಿರ ಕೆಲಸ ಮುಂದುವರಿದಂತೆ ಮೂರು ಕಂತು, ಕೊನೆಯ ಆರು ಸಾವಿರ ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ. ಸಾಮಾನಿಗೆಂದು ದೊಡ್ಡ ಮುಂಗಡ ಕೇಳಿದರೆ ನೀವೇ ಅಂಗಡಿಗೆ ಹೋಗಿ ಹಣ ಕಟ್ಟಿ ಬಿಲ್ ಪಡೆಯಿರಿ. ಕೊಟ್ಟ ಪ್ರತಿ ಕಂತಿಗೂ ಸಹಿ ಇರಲಿ.

ಕೆಲಸ ನಡೆಯುವಾಗ

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತದೆ. ಮೂರು ತಿಂಗಳು ದಾಟಿದ್ದರೆ ಬೇಡ. ಕಾಂಕ್ರೀಟಿಗೆ ನೀರು ಉಣಿಸುವುದು ಬಯಲುಸೀಮೆಯಲ್ಲಿ ಅತಿ ಮುಖ್ಯ. ಬಿಸಿಲು ಮತ್ತು ಒಣ ಗಾಳಿ ಇರುವಲ್ಲಿ ಕನಿಷ್ಠ ಹತ್ತು ದಿನ, ಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು ದಿನ ಒದ್ದೆಯಾಗಿಡಬೇಕೆಂದು ಭಾರತೀಯ ಮಾನಕ ಸಂಸ್ಥೆಯ 456ನೇ ಮಾನಕ ಹೇಳುತ್ತದೆ. ಮೇಸ್ತ್ರಿ ಮುಂದಿನ ಮನೆಗೆ ಹೋಗಿರುತ್ತಾನೆ. ನೀರು ಹಾಕುವವರು ಯಾರೆಂದು ಕರಾರಿನಲ್ಲೇ ಬರೆಯಿರಿ. ಉಪ್ಪು ಹೆಚ್ಚಿರುವ ಕೊಳವೆಬಾವಿ ನೀರು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಬಾಯಿಗೆ ಉಪ್ಪೆನಿಸುವ ನೀರನ್ನು ಕಾಂಕ್ರೀಟಿಗೆ ಬಳಸಬೇಡಿ.

ಆರ್‌ಸಿಸಿ ಮಾಡಿಗೆ ಸೋರದಂತೆ ಲೇಪನ ಮಾಡಿಸಿದ್ದರೆ, ಕೊನೆಯ ಹಣ ಕೊಡುವ ಮುಂಚೆ ದೋಣಿ ಮುಚ್ಚಿ ಒಂದು ದಿನ ಸ್ವಲ್ಪ ನೀರು ನಿಲ್ಲಿಸಿ ನೋಡಿರಿ. ಮಣ್ಣಿನ ಮಾಳಿಗೆಯ ಮೇಲೆ ಈ ಪರೀಕ್ಷೆ ಎಂದಿಗೂ ಬೇಡ.

ತೊಲೆ ತೆಗೆಯುವ ಮುಂಚೆ ಊರುಗಂಬ ಕೊಡಿಸಿರಿ. ಆ ದಿನ ಮಕ್ಕಳು, ವೃದ್ಧರು ಮನೆಯೊಳಗೆ ಇರಕೂಡದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವುದು ಕಾನೂನಿಗೆ ವಿರುದ್ಧ. ಮೇಸ್ತ್ರಿಯೇ ತನ್ನ ಮಗನನ್ನು ಕರೆತಂದರೂ ಬೇಡವೆನ್ನಿರಿ.

ತಕರಾರು ಬಂದರೆ

ಮೊದಲು ಕುಳಿತು ಮಾತನಾಡಿ, ಇಬ್ಬರಿಗೂ ಪರಿಚಯವಿರುವ ಹಿರಿಯರೊಬ್ಬರನ್ನು ಕರೆಸಿರಿ. ಫಲ ಸಿಗದಿದ್ದರೆ ಕೆಲಸದ ಫೋಟೋಗಳನ್ನು ತೆಗೆದಿಟ್ಟು, ಇಂತಿಷ್ಟು ದಿನದೊಳಗೆ ಸರಿಪಡಿಸಬೇಕೆಂದು ಸ್ಪೀಡ್ ಪೋಸ್ಟ್ ಮೂಲಕ ಪತ್ರ ಬರೆಯಿರಿ. ಬೇರೆಯವರಿಂದ ಸರಿಪಡಿಸಿಕೊಳ್ಳುವ ಮುಂಚೆಯೇ ಇದು ಆಗಬೇಕು. ಇಲ್ಲವಾದರೆ ದೋಷದ ಸಾಕ್ಷ್ಯವೇ ಉಳಿಯದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮನೆ ನಿರ್ಮಾಣವೂ 'ಸೇವೆ'. ಗುತ್ತಿಗೆಯ ಕೆಲಸದಲ್ಲಿ ಲೋಪವಾದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಗುತ್ತಿಗೆದಾರ ಗಡಿಯಾಚೆಯವನಾದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಆದರೆ ನೀವು ಹೇಳಿದಂತೆ ದಿನಗೂಲಿಗೆ ದುಡಿದವರ ಮೇಲೆ ಇಂತಹ ದೂರು ನಿಲ್ಲುವುದು ಕಷ್ಟ.

ಮಳೆಯಿಂದ ಮನೆ ಬಿದ್ದರೆ ಕೂಡಲೇ ಗ್ರಾಮ ಆಡಳಿತಾಧಿಕಾರಿಗೆ ಇಲ್ಲವೇ ತಾಲೂಕು ಕಚೇರಿಗೆ ತಿಳಿಸಿರಿ. ಅವರು ಬಂದು ಮಹಜರು ಮಾಡುವ ಮುಂಚೆ ಅವಶೇಷಗಳನ್ನು ಎತ್ತಿ ಬಿಟ್ಟರೆ ಪರಿಹಾರ ಸಿಗುವುದು ಕಷ್ಟ.

ನಮ್ಮ ಪಾಲಿನ ಕರ್ತವ್ಯ

ನಂಬಿಗಸ್ತ ಮೇಸ್ತ್ರಿ ಬೇಕೆನ್ನುವ ನಾವು ನಂಬಿಗಸ್ತ ಮನೆಯವರೂ ಆಗಿರಬೇಕಷ್ಟೇ. ದಿನಗೂಲಿಯವರ ಕೂಲಿಯನ್ನು ಸಂಜೆಯೊಳಗೆ ಕೊಡಬೇಕೆಂಬುದು ಕ್ರೈಸ್ತರಾದ ನಮಗೆ ಹೊಸ ಮಾತಲ್ಲ. ಮಧ್ಯದಲ್ಲಿ ಮನಸ್ಸು ಬದಲಿಸಿ ಗೋಡೆ ಒಡೆಸಿದರೆ ಅದರ ಖರ್ಚು ನಮ್ಮದು. ಕೆಲಸ ಚೆನ್ನಾಗಿದ್ದರೂ ಕೊನೆಯ ಕಂತಿನಲ್ಲಿ ಚೌಕಾಸಿ ಮಾಡುವುದು ಕಳವಿಗೆ ಸಮಾನ. ಅತಿ ಕಡಿಮೆ ರೇಟಿಗೆ ಒಪ್ಪಿಸಿದರೆ ಆ ಕೊರತೆ ಸಿಮೆಂಟಿನಲ್ಲೋ ಆಳುಗಳ ಕೂಲಿಯಲ್ಲೋ ಕಡಿತವಾಗುತ್ತದೆ.

ಕೊನೆಯದಾಗಿ ಒಂದು ಸಲಹೆ. ಧರ್ಮಕೇಂದ್ರದ ಪಾಲನಾ ಮಂಡಳಿಯವರು ಒಂದು ಪುಸ್ತಕವಿಟ್ಟು, ಯಾವ ಜಾತಿ ಧರ್ಮದವರೆಂದು ನೋಡದೆ, ಒಳ್ಳೆಯ ಕೆಲಸಗಾರರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದಿಡಬಹುದು. ಯಾರ ಮನೆಯಲ್ಲಿ, ಯಾವ ವರ್ಷ, ಯಾವ ಕೆಲಸ ಎಂಬಷ್ಟು ಇದ್ದರೆ ಸಾಕು. ಹೊಸದಾಗಿ ಬಂದ ಶಿಕ್ಷಕಿಗೂ, ಒಬ್ಬಂಟಿಯಾಗಿರುವ ವಿಧವೆಗೂ ಅದು ದೊಡ್ಡ ಉಪಕಾರ. ಒಳ್ಳೆಯ ಮೇಸ್ತ್ರಿಗೂ ವರ್ಷವಿಡೀ ಕೆಲಸ ಸಿಕ್ಕೀತು. ಮುಂದಿನ ಮಳೆಗೆ ಮುಂಚೆ ಈ ಪುಸ್ತಕದ ಮೊದಲ ಪುಟ ತುಂಬಲಿ ಎಂದು ಹಾರೈಸುತ್ತೇವೆ.